ಸಾರ್ಜೆಂಟನ ಕಲ್ಲಿಗೆ ವಿಭೂತಿ

ತಿರುವನಂತಪುರ
೧೨ ಮಾರ್ಚ್ ೨೦೦೬, ಭಾನುವಾರ

ಅಪ್ಪ,

ನಿಮ್ಮ ನಿರ್ಮಲಾಳ ಶರಣಾರ್ಥಿ. ಶಿವರಾತ್ರಿಗೇ ಒಂದು ಕಾಗದ ಬರೆಯಬೇಕಾಗಿತ್ತು. ತಡವಾಯಿತು, ಬೈಯಿರಿ, ಬೈಸಿಕೊಳ್ಳುತ್ತೇನೆ. ಫೋನಿನಲ್ಲಿ ನಾನು ಒಂದು ಹೇಳಿದರೆ ನಿಮಗೆ ಇನ್ನೊಂದು ಕೇಳಿಸುತ್ತದೆ, ನಡುವೆ ಪಾಪ ಪ್ರೇಮ ವೈನಿ ಕೂಗಿ ಕೂಗಿ ಗಂಟಲು ಹರಿದುಕೊಳ್ಳುತ್ತಾರೆ. ಈ ಸುದ್ದಿಯನ್ನು ಹಾಗೆ ಕೂಗಿ ಹಾಳುಮಾಡಲು ನನಗೆ ಮನಸ್ಸಿಲ್ಲ. ಕನ್ನಡಕ ಹಾಕಿಕೊಂಡು ನೀವೇ ಓದಿ.

ನಿಮ್ಮ ಮಗಳು ಗೆದ್ದಳು, ಅಪ್ಪ! ಯಾರ ಕೈಲೂ ಆಗದ ಫೋಟೊ ತೆಗೆದಳು!

ಮೊದಲಿನಿಂದ ಹೇಳುತ್ತೇನೆ. ಹಳೆಯ ಕಾಲದ ಸಿಪಾಯಿಗಳ ಗೋರಿಗಳ ಫೋಟೊ ತೆಗೆದು ಅವರ ವಂಶದವರಿಗೆ ಕಳಿಸುವ ಗುಂಪೊಂದು ಇಂಟರ್‌ನೆಟ್ಟಿನಲ್ಲಿದೆ. ಹೊಸ ಕ್ಯಾಮೆರಾ ಕೊಂಡ ಮೇಲೆ ನಾನೂ ಸೇರಿಕೊಂಡೆ. ಸ್ಕಾಟ್ಲೆಂಡಿನಿಂದ ಮಿಸ್ ಡಂಕನ್ ಎಂಬ ಮುದುಕಿ ಆ ಗುಂಪಿಗೆ ಬರೆದಿದ್ದಳು. ಅವರ ಮನೆತನದ ಸಾರ್ಜೆಂಟ್ ಒಬ್ಬ ಇನ್ನೂರು ವರ್ಷದ ಹಿಂದೆ ಪಲ್ಟನ್ನಿನ ಜೊತೆ ಕೊಚ್ಚಿಗೆ ಬಂದವನು ತಿರುಗಿ ಹೋಗಲಿಲ್ಲವಂತೆ. ಕಡಲ ಪಕ್ಕದ ಹಳೆಯ ಸಿಪಾಯಿ ಸ್ಮಶಾನದಲ್ಲಿ, ಗೋಡೆಯ ಹತ್ತಿರದ ಕಲ್ಲು ಅವನದಿರಬೇಕು ಎಂದು ಒಂದು ಅಂದಾಜು, ಅಷ್ಟೇ. ನನಗಿಂತ ಮುಂಚೆ ಹೋದವರ ಫೋಟೊಗಳಲ್ಲಿ ಕರಿ ಕಲ್ಲು, ಪಾಚಿ ಬಿಟ್ಟರೆ ಒಂದಕ್ಷರ ಇಲ್ಲ. ಮುದುಕಿ ಹಾಸಿಗೆ ಹಿಡಿದಿದ್ದಾಳೆ. 'ಒಮ್ಮೆ ಅವನ ಹೆಸರು ಕಣ್ಣಾರೆ ನೋಡಿ ಹೋಗಬೇಕು' ಎಂದು ಬರೆದಿದ್ದಳು. ಸಿಪಾಯಿಯ ಅಕ್ಕ ನಾನು. ಆಗುವುದಿಲ್ಲ ಅನ್ನಲು ಬಾಯಿ ಬರಲಿಲ್ಲ.

ಹೋದ ಶನಿವಾರ ಇವರನ್ನೂ ಎಳೆದುಕೊಂಡು ರೈಲು ಹತ್ತಿದೆ. ಕೊಚ್ಚಿಯ ಬಿಸಿಲು, ಬೆವರು, ಒಣಮೀನಿನ ವಾಸನೆ, ಎಲ್ಲದಕ್ಕೂ ಇವರು ಗೊಣಗುತ್ತಲೇ ಬಂದರು. ಸ್ಮಶಾನದ ಕಾವಲುಗಾರ ವಿಲ್ಸನ್ ಚೇಟ್ಟನ್ (ಇಲ್ಲಿ ಅಣ್ಣನಿಗೆ ಚೇಟ್ಟನ್, ಅಕ್ಕನಿಗೆ ಚೇಚಿ ಅನ್ನುತ್ತಾರೆ) ಬೀಗ ತೆಗೆದುಕೊಟ್ಟು, 'ಫೋಟೊ ತೆಗೆಯಿರಿ, ಬೇರೆ ಏನೂ ಮುಟ್ಟಬೇಡಿ' ಎಂದು ಮಲಯಾಳದಲ್ಲಿ ತಾಕೀತು ಮಾಡಿದ. ಹೂಂ ಅಂದೆ.

ಎಲ್ಲಾ ಥರ ತೆಗೆದೆ, ಅಪ್ಪ. ನಿಮ್ಮ ಫೋಟೊ ಸ್ಟುಡಿಯೋದಲ್ಲಿ ನೀವು ಹೇಳುತ್ತಿದ್ದಿರಲ್ಲ, ಬೆಳಕು ಪಕ್ಕದಿಂದ ಬಿದ್ದರೆ ಮುಖದ ಗೆರೆ ಎದ್ದು ಕಾಣುತ್ತದೆ ಎಂದು, ಹಾಗೂ ಮಾಡಿ ನೋಡಿದೆ. ಮೇಲೆ ದೊಡ್ಡ ಮರದ ನೆರಳು, ಎಲ್ಲಿಯ ಬೆಳಕು? ಕುತ್ತಿಗೆ ನೋವು ಬಂತೇ ಹೊರತು ಅಕ್ಷರ ಬರಲಿಲ್ಲ. ಅಳು ಬಂತು. 'ಸಾಕ ಬಿಡs ನಿಮ್ಮಿ, ಆ ಮುದುಕಿಗೆ ಸಿಗಲಿಲ್ಲಂತ ಬರದಬಿಡು' ಅಂದರು ಇವರು. ಎದ್ದೆ. ಹೊರಡುವ ಮುಂಚೆ ಕಲ್ಲಿನ ಮೇಲಿನ ಎಲೆ ಗುಡಿಸಿದೆ, ನೀರು ಹಾಕಿ ಒರೆಸಿದೆ, ಆರಿದ ಮೇಲೆ ಚೀಲದಿಂದ ವಿಭೂತಿ ತೆಗೆದು ಮೂರು ಬೆರಳಲ್ಲಿ ಉದ್ದಕ್ಕೂ ಎಳೆದೆ. ಯೋಚನೆ ಮಾಡಿ ಮಾಡಿದ್ದಲ್ಲ. ನಮ್ಮ ರುದ್ರಭೂಮಿಯಲ್ಲಿ ಅಜ್ಜಿಯ ಸಮಾಧಿಗೆ, ಅವ್ವನ ಸಮಾಧಿಗೆ ಹಚ್ಚಿ ಹಚ್ಚಿ ಕೈಗೆ ರೂಢಿಯಾಗಿದೆ.

'ಏ, ಏನ ಮಾಡಾಕತ್ತಿ? ಇದೇನ ನಿಮ್ಮ ಅಜ್ಜಿ ಸಮಾಧಿ ಅಂತ ತಿಳದಿಯೇನು?' ಇವರು ಹೌಹಾರಿದರು. ಅಷ್ಟರಲ್ಲಿ ವಿಲ್ಸನ್ 'ಅಯ್ಯೋ ಚೇಚೀ!' ಎಂದು ಕಿರುಚಿಕೊಂಡು ಓಡಿ ಬಂದ. ಗೋರಿಗೆ ಪೂಜೆ ಮಾಡುತ್ತೀರಾ, ನನ್ನ ಕೆಲಸ ಹೋಗುತ್ತದೆ, ಈಗಿಂದೀಗಲೇ ಹೊರಗೆ ನಡೆಯಿರಿ ಎಂದು ಒಂದೇ ಸಮನೆ ಕೂಗಾಡಿದ. ಅಳಿಸೋಣವೆಂದು ಗಡಿಬಿಡಿಯಲ್ಲಿ ಅಂಗೈಯಿಂದ ತಿಕ್ಕಿದೆ ನೋಡಿ, ಮೇಲಿನ ಬೂದಿ ಹೋಯಿತು, ಸವೆದ ಅಕ್ಷರಗಳ ಒಳಗೆ ಕೂತದ್ದು ಅಲ್ಲೇ ಉಳಿಯಿತು. ಕರಿ ಕಲ್ಲಿನ ಮೇಲೆ ಬೆಳ್ಳಗೆ ಒಂದು 'ಡಿ'!

'ವಿಲ್ಸನ್ ಚೇಟ್ಟಾ, ನೋಕ್ಕು, ನೋಕ್ಕು!' ನೋಡು, ನೋಡು ಎಂದೆ. ಅವನು ಬಗ್ಗಿದ. ಆ ಅಕ್ಷರವನ್ನು ಬೆರಳಲ್ಲಿ ಮುಟ್ಟಿ ನೋಡಿದ. ಆಮೇಲೆ ಮೆಲ್ಲಗೆ, ಇದು ಯಾವ ಬೂದಿ ಎಂದು ಕೇಳಿದ. ವಿಭೂತಿ ಎಂದೆ. ಮೊನ್ನೆ ಬುಧವಾರವೇ ಇಗರ್ಜಿಯಲ್ಲಿ ತನ್ನ ಹಣೆಗೂ ಬೂದಿ ಹಚ್ಚಿದ್ದರು, ಆ ಹಬ್ಬದ ಹೆಸರೇ ವಿಭೂತಿ ಬುಧನ್ ಎಂದ ಮಾರಾಯ! ನೀರಿಗೆ ಹೋಗುತ್ತದೋ ಇಲ್ಲವೋ ಎಂದು ಮೂಲೆಯಲ್ಲಿ ತಾನೇ ತೊಳೆದು ನೋಡಿದ. ಹೋಯಿತು. 'ಹಾಗಾದರೆ ಪೂರ್ತಿ ಹಚ್ಚಿ' ಅಂದ. ಆಮೇಲೆ ಅವನದೇ ಹುರುಪು ಹೆಚ್ಚು! ಮನೆಯಿಂದ ಕನ್ನಡಿ ತಂದು, ಗೋಡೆಯಾಚೆಯ ಬಿಸಿಲನ್ನು ಕಲ್ಲಿನ ಮೇಲೆ ಹಾಯಿಸಿ ಹಿಡಿದ. ನಾನು ತಿಕ್ಕಿದಂತೆಲ್ಲ ಒಂದೊಂದೇ ಅಕ್ಷರ ಎದ್ದು ಬಂತು. ಆಂಡ್ರೂ ಡಂಕನ್, ಸಾರ್ಜೆಂಟ್. ನಾವು ಮೂವರೂ ಗೋರಿಗಳ ನಡುವೆ ನಿಂತು ಚಪ್ಪಾಳೆ ತಟ್ಟಿದೆವು. ಫೋಟೊ ತೆಗೆದಾದ ಮೇಲೆ ಕಲ್ಲು ತೊಳೆದು ಬಂದೆವು.

ಮಂಗಳವಾರ ಮಿಸ್ ಡಂಕನ್‌ಳ ಈಮೇಲ್ ಬಂತು. ನರ್ಸು ಕಂಪ್ಯೂಟರನ್ನು ಹಾಸಿಗೆಗೇ ತಂದು ತೋರಿಸಿದಳಂತೆ. ಮುದುಕಿ ಹೆಸರಿನ ಮೇಲೆ ಬೆರಳಾಡಿಸುತ್ತ ಇಡೀ ಮಧ್ಯಾಹ್ನ ಕೂತಳಂತೆ. ಗುಂಪಿನವರು ನನ್ನ ಫೋಟೊವನ್ನು ಮೊದಲ ಪುಟದಲ್ಲಿ ಹಾಕಿದ್ದಾರೆ, ಕೆಳಗೆ ನನ್ನ ಹೆಸರು! ಕೊಚ್ಚಿಯುದ್ದಕ್ಕೂ ಗೊಣಗಿದ ನಿಮ್ಮ ಅಳಿಯ ಈಗ ರಾಕೆಟ್ ಕೇಂದ್ರದ ಆಫೀಸಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ತೋರಿಸುತ್ತಿದ್ದಾರೆ. ರಾಕೆಟ್ ಹಾರಿದ ದಿನವೂ ಇಷ್ಟು ಹಿಗ್ಗಿರಲಿಲ್ಲ. ಒಂದು ದೊಡ್ಡ ಪ್ರಿಂಟು ಇದರ ಜೊತೆ ಕಳಿಸಿದ್ದೇನೆ. ನೋಡಿ ತಪ್ಪು ಹುಡುಕಿ, ಹುಡುಕದೆ ನೀವು ಬಿಡುವವರಲ್ಲ.

ನಿಮ್ಮ ಮೊಮ್ಮಗಳು ಜೀವಿತಾ ಚೆನ್ನಾಗಿದ್ದಾಳೆ. ನಾನು ಕನ್ನಡದಲ್ಲಿ ಬೈದರೆ ಮಲಯಾಳದಲ್ಲಿ ಎದುರು ಮಾತಾಡುತ್ತಾಳೆ. ಅವಳಿಗೆ ನಿಮ್ಮ ಆಶೀರ್ವಾದ ಇರಲಿ. ವಿಶ್ವೇಶ್ವರ ಅಣ್ಣನಿಗೂ ವೈನಿಗೂ ನನ್ನ ಶರಣು. ಬಸವಣ್ಣ ನಿಮ್ಮನ್ನು ಗಟ್ಟಿಯಾಗಿ ಇಟ್ಟಿರಲಿ.

ನಿಮ್ಮ ಮಗಳು,
ನಿರ್ಮಲ

ತಾ.ಕ.: ಕಲ್ಲಿನ ಕೊನೆಯ ಸಾಲನ್ನು ಮೇಲೆ ಬೇಕೆಂದೇ ಬರೆಯಲಿಲ್ಲ. 'ಇವನ ದೇಹ ಕಡಲಿನಲ್ಲಿ ಹೋಯಿತು, ಸಂಗಡಿಗರು ಈ ಕಲ್ಲು ನಿಲ್ಲಿಸಿದರು' ಎಂದಿದೆ. ಆ ಗೋರಿಯೊಳಗೆ ಯಾರೂ ಇಲ್ಲ, ಅಪ್ಪ. ಅದನ್ನು ಓದಿದೊಡನೆ ಚಪ್ಪಾಳೆ ನಿಂತಿತು. ಗೋಡೆಗೆ ತಿರುಗಿ ನಿಂತು ನಾನು ಅತ್ತದ್ದು ಇವರಿಗೂ ಗೊತ್ತಿಲ್ಲ. ನಮ್ಮ ಪ್ರಮೋದನನ್ನು ಸಿಯಾಚಿನ್ ಹಿಮ ನುಂಗಿದಾಗ ನೀವು, 'ಹೂಳಾಕ ಹೆಣನs ಇಲ್ಲ, ಬರೇ ಕಲ್ಲಿಗೆ ಏನ ವಿಭೂತಿ ಹಚ್ಚತೀರಿ?' ಅಂದಿರಿ. ಅವನಿಗೊಂದು ಸಮಾಧಿ ಎಂಬ ಮಾತನ್ನು ನಾವ್ಯಾರೂ ಮತ್ತೆ ಎತ್ತಲಿಲ್ಲ. ಬೇಸಿಗೆ ರಜೆಗೆ ಬರುತ್ತೇನೆ. ಅವ್ವನ ಪಕ್ಕದಲ್ಲಿ ಜಾಗವಿದೆ, ನನ್ನ ತಮ್ಮನಿಗೊಂದು ಕಲ್ಲು ನಿಲ್ಲಿಸೋಣ. ಅವನು ಅಲ್ಲಿಲ್ಲ ಎಂದು ನನಗೂ ಗೊತ್ತು, ಅಪ್ಪ. ಆದರೆ ನಾವು ಎಲ್ಲಿ ಕೂತು ಅಳಬೇಕು?