ದ್ರಾಕ್ಷಿ ತೋಟದ ಲಾ ಕಾಲೇಜು

ಜೂನ್ 2, ಸೋಮವಾರ. ಕೋಗಿಲು

ಕಾಲೇಜಿನವರು ಬಾಯಲ್ಲಿ ಹೇಳಿದ್ದು: ಬೇರೆ ಕಡೆ ಸೀಟು ಬಂದರೆ ಬಿಟ್ಟು ಹೋಗಬಹುದು. ಡೆಪಾಸಿಟ್ ವಾಪಸ್. ಟಿಸಿ, ಮೂಲ ಅಂಕಪಟ್ಟಿ ಕೇಳಿದ ದಿನವೇ ಕೈಗೆ.

ಕೊಡಲೊಲ್ಲದ್ದು: ಇದನ್ನೆಲ್ಲ ಬರೆದು ಒಂದು ಸಹಿ.

ಸೇರುವ ದಿನ ದಾಖಲೆಗಳಿಗೆ ರಸೀದಿ ಕೇಳಿದ್ದೆ. ಅಮ್ಮನ ಅಣ್ಣ ಲಕ್ಕಣ್ಣ ಮಾವ ಆಫೀಸಿನಲ್ಲೇ ನಕ್ಕರು. "ನಮ್ ದ್ರಾಕ್ಷಿ ತೋಟ ಕಣಮ್ಮಿ ಇದು. ನಮ್ ತೋಟ್ದಲ್ಲಿ ನಮ್ಗೇ ರಸೀದಿಯಾ?" ಕಾಲೇಜಿನವರಿಗೆ ತೋಟ ಮಾರಿ ಹನ್ನೆರಡು ವರ್ಷ. ಗೇಟಿನಲ್ಲಿ ಯಾರಾದರೂ ಸಲಾಮು ಹೊಡೆದರೆ ಈಗಲೂ ತನ್ನದೇ ಅಂದುಕೊಳ್ಳುವ ಮನುಷ್ಯ.

ಸರ್ಕಾರಿ ಲಾ ಯೂನಿವರ್ಸಿಟಿಯ ವೇಯ್ಟ್‌ಲಿಸ್ಟ್‌ನಲ್ಲಿ ಇವತ್ತೂ ನಾಲ್ಕನೆಯವಳು. ಬಸ್ಸಿನಲ್ಲಿ, ತಟ್ಟೆಯ ಮುಂದೆ — ಫೋನಿನಲ್ಲಿ ಅದನ್ನೇ ತೆಗೆದು ನೋಡುತ್ತೇನೆ. ಮನೆಯಲ್ಲಿ ಯಾರಿಗೂ ಅದರ ಗೊಡವೆಯಿಲ್ಲ. ಇಲ್ಲಿ ಸೇರಿದ್ದಕ್ಕೇ ಬೀದಿಗೆಲ್ಲ ಮೈಸೂರುಪಾಕು ಹಂಚಿ ಆಗಿದೆ.

ಜೂನ್ 13, ಶುಕ್ರವಾರ

ಬಂತು. ಸೀಟು ಬಂತು!

ಬುಧವಾರ ಸಂಜೆ ಐದರೊಳಗೆ ಮೂಲ ದಾಖಲೆ ಸಮೇತ ಹಾಜರಾಗಬೇಕು. ಇಲ್ಲವಾದರೆ ಮುಂದಿನವರಿಗೆ.

ಅಮ್ಮನಿಗೆ ಹೇಳಿದೆ. ಸೊಪ್ಪು ಬಿಡಿಸುತ್ತಿದ್ದವಳು ತಲೆಯೆತ್ತಲಿಲ್ಲ. "ಆಸ್ಟೆಲ್ನಾಗೆ ಇರ್ಬೇಕಾ? ಇಲ್ಲೇ ನಮ್ ಊರಾಗೇ ಕಾಲೇಜು ಐತಲ್ಲ, ಪದ್ಮ."

ಬೇರೆ ಯಾರಿಗೆ ಹೇಳಲಿ...

ಜೂನ್ 16, ಸೋಮವಾರ

ಮಾವನ ಜತೆ ಕಾಲೇಜಿನ ಡೈರೆಕ್ಟರ್ ಬಳಿ ಹೋದೆ. ಡೆಪಾಸಿಟ್ ನೀವೇ ಇಟ್ಟುಕೊಳ್ಳಿ, ಟಿಸಿ ಕೊಡಿ ಅಂದೆ.

"ಐದೂ ವರ್ಷದ ಫೀಸ್ ಕಟ್ಟಿ, ತಗೊಂಡು ಹೋಗಿ."

ದಾಖಲೆ ಹಿಡಿದಿಟ್ಟುಕೊಳ್ಳುವಂತಿಲ್ಲ, ಯುಜಿಸಿಯೇ ಹೇಳಿದೆ ಅಂದೆ. ನನ್ನತ್ತ ನೋಡಲೇ ಇಲ್ಲ. ಮಾವನಿಗೆ ಕಾಫಿ ತರಿಸಿದರು. "ಲಕ್ಕಣ್ಣೋರೇ, ನಿಮ್ಮನೆ ಮಗಳೇ ಬಿಟ್ಟು ಹೋದ್ರೆ ಊರೋರು ಏನಂತಾರೆ?"

ಮಾವ ಕುಡಿದರು. ಲೋಟ ಇಟ್ಟರು. "ಅದೂ ದಿಟವೇ. ಎಣ್ಣುಡ್ಗಿ. ಇಲ್ಲೇ ಓದ್ಲಿ ಬುಡಿ ಸಾರ್."

ಮುಗಿಯಿತು. ಒಂದು ಲೋಟ ಕಾಫಿಗೆ.

ಸಂಘದ ಧರಣಿಗಳಲ್ಲಿ, ಫ್ರೀಡಂ ಪಾರ್ಕಿನಲ್ಲಿ, ಗಂಟಲು ಹರಿಯುವಂತೆ ಘೋಷಣೆ ಕೂಗಿದವಳು ನಾನು. ಮಾವ ಎದ್ದಾಗ ನಾನೂ ಎದ್ದು ಹೊರಬಂದೆ. ವಾಪಸ್ ಬರುವಾಗ ಸ್ಕೂಟರಿನಲ್ಲಿ ಅವರ ಬೆನ್ನ ಹಿಂದೆಯೇ ಕೂತು ಅತ್ತೆ. ಗಾಳಿ ಜೋರಿತ್ತು. ಕೇಳಿಸಿರಲಿಕ್ಕಿಲ್ಲ.

ವಿದ್ಯಾರ್ಥಿ ಸಂಘದ ಗ್ರೂಪಿಗೆ ಬರೆದೆ: ನಾಳೆ ಕಾಲೇಜು ಗೇಟಿಗೆ ಬನ್ನಿ. ಮುಷ್ಟಿಯ ಇಮೋಜಿಗಳು ಸಾಲುಸಾಲಾಗಿ ಬಂದವು. ಆರ್.ಟಿ. ನಗರದ ರವಿಕಿರಣ: "ಇದು ಪರ್ಸನಲ್ ಇಶ್ಯೂ ಅಲ್ವಾ ಕಾಮ್ರೇಡ್?"

ಪರ್ಸನಲ್ ಅಂತೆ! ಕಂಡವರ ಟಿಸಿ ಕಿತ್ತುಕೊಂಡರೆ ಹೋರಾಟ. ನನ್ನದಾದರೆ ಮನೆ ಜಗಳ.

ಜೂನ್ 17, ಮಂಗಳವಾರ

ಯಾರೂ ಬರಲಿಲ್ಲ. ಒಬ್ಬಳೇ ಕೂತೆ. ರಟ್ಟಿನ ಮೇಲೆ ಬರೆದಿದ್ದೆ — ನನ್ನ ಟಿಸಿ ಕೊಡಿ. ಗುರುತಿನವರು ರಸ್ತೆಯ ಆ ಬದಿಗೆ ದಾಟಿಕೊಂಡು ಹೋದರು. ಎದುರು ಮನೆಯ ಸೊಣ್ಣಪ್ಪ ತಾತ ಮಾತ್ರ ನಿಂತ.

"ಏನಮ್ಮಿ, ನಿಮ್ ತೋಟದ್ ಮುಂದೆ ನೀನೇ ಧರಣಿಯಾ?"

"ನಮ್ದಲ್ಲ ತಾತ. ಮಾರಿ ಹನ್ನೆರಡು ವರ್ಷ ಆಯ್ತು."

"ನಿಮ್ ಮಾವಂಗೆ ಯೋಳು ಅದ್ನ."

ಮಧ್ಯಾಹ್ನ ಒಬ್ಬಳು ಬಂದು ಪಕ್ಕದಲ್ಲಿ ಕೂತಳು. ಕೆಂಪಾಪುರದ ಆಶಾರಾಣಿ. ಹಿಂದೆ ನೋಡಿದವಳಲ್ಲ. ಅವಳ ಟಿಸಿಯೂ ಒಳಗೇ. ಬೇರೆ ಕಡೆಯ ಸೀಟು ಹೋದ ವಾರವೇ ಕೈತಪ್ಪಿದೆ.

"ಮತ್ಯಾಕೆ ಬಂದ್ರಿ?"

"ಟಿಸಿ ನಂದಲ್ವೇನ್ರೀ?"

ಸಂಜೆ ಡೈರೆಕ್ಟರ್ ಇಬ್ಬರನ್ನೂ ಕರೆಸಿದರು. "ಗುರುವಾರ ಟ್ರಸ್ಟಿಗಳು ಬರ್ತಾರೆ. ಅವತ್ತು ಮಾತಾಡೋಣ."

ನನ್ನ ಗಡುವು ಬುಧವಾರ ಅಂದೆ.

"ಗೊತ್ತಮ್ಮ."

ಜೂನ್ 18, ಬುಧವಾರ. ಸಂಜೆ 5.20

ಹೋಯಿತು. ಐದರವರೆಗೆ ಲಿಸ್ಟಿನಲ್ಲಿ ಹೆಸರಿತ್ತು. ಈಗ ಆ ಜಾಗದಲ್ಲಿ ಬೇರೆ ಯಾರೋ. ಓದಲಿ, ಪಾಪ.

ಅಮ್ಮ ಒಳಗೆ ಕಡಲೆಕಾಯಿ ಹುರಿಯುತ್ತಿದ್ದಾಳೆ. ಹಾಡಿಕೊಳ್ಳುತ್ತಿದ್ದಾಳೆ. ಹೋಗಿ ಬೈಯೋಣ ಅನ್ನಿಸಿತು. ಬಾಗಿಲವರೆಗೆ ಹೋಗಿ ಬಂದೆ.

ಆಶಾರಾಣಿಯ ಮೆಸೇಜು: "ನಿಮ್ದೂ ಹೋಯ್ತಲ್ಲ. ಇನ್ನೂ ಬರ್ತೀರಾ?"

ಬರ್ತೀನಿ ಅಂದೆ. ನಾಳೆ ಗುರುವಾರ, ಬೆಳಗ್ಗೆ ಹನ್ನೊಂದು, ಟ್ರಸ್ಟಿಗಳ ಮುಂದೆ ಇಬ್ಬರೂ.