ಎಡಗಡೆಯ ಸೀಟು

ಯಲ್ಲಾಪುರ, ಶುಕ್ರವಾರ

ಪ್ರೀತಿಯ ಅಬ್ಬಾ,

ಒಂದೇ ಮನೆಯಲ್ಲಿದ್ದುಕೊಂಡು ಮಗಳು ಕಾಗದ ಬರೆಯುವುದೇನು ಎಂದು ನಗಬೇಡಿ. ಎದುರು ನಿಂತು ಹೇಳುವ ಧೈರ್ಯ ನನಗಿಲ್ಲ. ಎಂಟು ದಿನದಿಂದ ನೀವು ಹುಬ್ಬಳ್ಳಿ ಆಸ್ಪತ್ರೆಯ ಆ ಕನ್ನಡಕವನ್ನು ಬೈಯುತ್ತಿದ್ದೀರಿ. ಬೈಸಿಕೊಳ್ಳಬೇಕಾದವಳು ನಾನು.

ಪಾರ್ಶ್ವವಾಯು ಹೊಡೆದ ಮೂರು ತಿಂಗಳಿಗೆ ನೀವು ಎದ್ದು ಓಡಾಡಿದಿರಿ. ಮಾತು ಕೆಟ್ಟಿರಲಿಲ್ಲ, ಸಿಟ್ಟಂತೂ ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ಕಾಗದದ ಮೇಲಿನ ಗೆರೆಗಳನ್ನು ಹೊಡೆದುಹಾಕುವ ಪರೀಕ್ಷೆಯಲ್ಲೂ ಪಾಸಾದಿರಿ. ಲಾರಿ ಓಡಿಸಬಹುದೆಂದು ಡಾಕ್ಟರು ಬರೆದುಕೊಡುವುದೊಂದೇ ಬಾಕಿ. ಆಗ ಅವರು ನಿಮ್ಮ ಮುಖಕ್ಕೆ ಆ ದಪ್ಪ ಕನ್ನಡಕ ಕಟ್ಟಿದರು. ಒಳಗೆ ಸಿನಿಮಾದ ಹಾಗೆ ನಿಮಗೆ ಕಾಣುತ್ತಿದ್ದ ರಸ್ತೆ ಹೊರಗಿನ ಪರದೆಯಲ್ಲಿ ನನಗೂ ಕಾಣುತ್ತಿತ್ತು. ಕಂಡದ್ದನ್ನೆಲ್ಲ ಹೇಳುತ್ತ ಹೋಗಿ ಎಂದರು. ಬಲಗಡೆಯ ಗೂಡಂಗಡಿ, ಬಸ್ಸು, ಎಮ್ಮೆ, ಒಂದನ್ನೂ ನೀವು ಬಿಡಲಿಲ್ಲ. ಎಡಗಡೆಯಿಂದ ಕೊಡ ಹೊತ್ತ ಹೆಂಗಸೊಬ್ಬಳು ರಸ್ತೆಗಿಳಿದಳು. ನಿಮ್ಮ ತಲೆ ಅತ್ತ ತಿರುಗಲೇ ಇಲ್ಲ.

ಡಾಕ್ಟರು ಕೇಳಿದ್ದಕ್ಕೆ ಗತ್ತಿನಿಂದಲೇ ಹೇಳಿದಿರಿ: "ಲೆಫ್ಟ್ ನೋಡೋದು ಕ್ಲೀನರ್ ಕೆಲ್ಸ. ನಮ್ಮ ಕೆರಿಯನ್ನ ಕೂರಸ್ರಿ, ಆಮೇಲೆ ಕೇಳ್ರಿ."

ಇಪ್ಪತ್ತೆರಡು ವರ್ಷ ಕೆರಿಯಣ್ಣ ಎಡಗಡೆ ಕೂತು, ಬಾಗಿಲು ತಟ್ಟುತ್ತ, "ಬರ್ಲಿ, ಬರ್ಲಿ, ಸೈಕಲ್ ಐತಿ, ತಡೀರಿ" ಎನ್ನುತ್ತ ನಿಮ್ಮನ್ನು ಅರಬೈಲ್ ಘಾಟಿ ಇಳಿಸಿದವನು. ನಿಮ್ಮ ಮಾತಿಗೆ ಕೋಣೆಯಲ್ಲಿದ್ದ ಉಳಿದವರು ನಕ್ಕರು. ನನಗೆ ಅಳು ಬಂತು. ಮನೆಯಲ್ಲಿ ಈಗ ಆ ಕೆಲಸ ಮಾಡುತ್ತಿದ್ದವಳು ನಾನು. ತಟ್ಟೆಯ ಎಡಭಾಗದಲ್ಲಿ ಅನ್ನ ಉಳಿದರೆ ಸುಮ್ಮನೆ ತಟ್ಟೆ ತಿರುಗಿಸುತ್ತಿದ್ದೆ. ಪೇಟೆಯಲ್ಲಿ ನಿಮ್ಮ ಎಡಗಡೆಯೇ ನಡೆದು ಗಾಡಿ ಬಂತು ಎಂದು ತೋಳು ಹಿಡಿಯುತ್ತಿದ್ದೆ. ಸೇವೆ ಎಂದುಕೊಂಡಿದ್ದೆ, ಆದರೆ ನಿಮ್ಮ ಕಾಯಿಲೆಯನ್ನು ನಿಮ್ಮಿಂದಲೇ ಮುಚ್ಚಿಟ್ಟಿದ್ದೆ. ಆ ಕನ್ನಡಕದೊಳಗೆ ಮಾತ್ರ ನನಗೆ ಜಾಗವಿರಲಿಲ್ಲ.

ಕಣ್ಣು ಚೆನ್ನಾಗಿಯೇ ಇದೆ, ಎಡಗಡೆಗೆ ಗಮನವೇ ಹೋಗುವುದಿಲ್ಲ ಎಂದರು ಡಾಕ್ಟರು. ನಿಮ್ಮನ್ನು ಹೊರಗೆ ಕೂರಿಸಿ, "ಮನ್ಯಾಗ ಹ್ಯಾಂಗ ಇರ್ತಾರ? ಬೇಕಾದ್ರ ಇನ್ನೊಂದ್ಸಲ ಪರೀಕ್ಷೆ ಮಾಡೋಣು" ಎಂದು ನನ್ನನ್ನು ಕೇಳಿದರು. ನಾನು ತಟ್ಟೆಯ ವಿಷಯ ಹೇಳಿಬಿಟ್ಟೆ. ಅದಾದ ಮೇಲೆಯೇ ಅವರು ಲಾರಿ ಬೇಡವೆಂದು ಬರೆದದ್ದು.

ನಿನ್ನೆ ಕೆರಿಯಣ್ಣ ಬಂದು, "ಲಾರಿ ಕಿರವತ್ತಿ ಧಾಬಾದ ಮುಂದ ನಿಂತು ತುಕ್ಕು ಹಿಡ್ಯಾಕತ್ತೇತಿ ಸಾಹೇಬ್ರ. ಎಡಗಡೆ ನಾ ನೋಡ್ತೇನ್ರಿ, ನಡೀರಿ" ಎಂದ. ನೀವು ಎದ್ದು ಗೋಡೆಯ ಮೊಳೆಯಲ್ಲಿ ಲಾರಿಯ ಕೀಲಿ ತಡಕಿದಿರಿ. ಕೀಲಿ ನನ್ನ ಹತ್ತಿರ ಇದೆ, ಅಬ್ಬಾ. ಕೊಡುವುದಿಲ್ಲ. ನಿಮ್ಮ ಜೀವ ಇರುವುದೇ ಆ ಲಾರಿಯಲ್ಲಿ ಎಂದು ಗೊತ್ತಿದ್ದೂ ಕೊಡುವುದಿಲ್ಲ. ಕೊಡ ಹೊತ್ತ ಆ ಹೆಂಗಸು ಕಣ್ಣಿಗೆ ಕಟ್ಟಿದಂತಿದ್ದಾಳೆ.

ಒಂದು ಸಾಲೂ ನಿಮಗೆ ತಪ್ಪದಿರಲೆಂದು ಈ ಕಾಗದವನ್ನು ಹಾಳೆಯ ಬಲ ಅರ್ಧದಲ್ಲಷ್ಟೇ ಬರೆದಿದ್ದೇನೆ. ಓದಿ ಮುಗಿಸಿ, ಬೈಯಬೇಕೆನಿಸಿದರೆ ಕರೆಯಿರಿ. ಬಂದು ನಿಮ್ಮ ಬಲಗಡೆಗೇ ನಿಲ್ಲುತ್ತೇನೆ.

ಅಲ್ಲಾಹನು ನಿಮ್ಮ ಇನ್ನರ್ಧ ಲೋಕವನ್ನು ನಿಮಗೆ ಮರಳಿಸಲಿ.

ನಿಮ್ಮ ಮಗಳು,
ಫಿರ್ದೌಸ್