ಅಕ್ಕನ ಹೆಸರಿಗೆ ಅಂಟಿದ ನನ್ನ ಕಾಯಿಲೆ

ವೈಯಕ್ತಿಕ ಮಾಹಿತಿ ರಕ್ಷಣಾ ಕಚೇರಿಯ ಮುಖ್ಯಸ್ಥರಿಗೆ,

ಮಾನ್ಯರೇ, ಮೂರ್ಛೆ ರೋಗ ಇರುವುದು ನನಗೆ. ಕೆಲಸ ಕಳೆದುಕೊಂಡವಳು ನನ್ನ ಅಕ್ಕ. ಇದರಲ್ಲಿ ಅನ್ಯಾಯ ಎಲ್ಲಿದೆ ಎಂಬುದು ಏಳು ತಿಂಗಳಾದರೂ ತಮ್ಮ ಕಚೇರಿಗೆ ಹೊಳೆದಿಲ್ಲ. ಆದ್ದರಿಂದ ಊರಿಗೆಲ್ಲ ಕೇಳುವ ಹಾಗೆ ಇನ್ನೊಮ್ಮೆ ಹೇಳುತ್ತಿದ್ದೇನೆ.

ಅಕ್ಕ ಹನ್ನೊಂದು ವರ್ಷ ಶಾಲೆಯ ಬಸ್ಸು ಓಡಿಸಿದವಳು. ಅಷ್ಟೂ ವರ್ಷದಲ್ಲಿ ಒಂದು ಮಗುವಿನ ಮೊಣಕೈ ತರಚಿಲ್ಲ. ಹದಿನಾರನೇ ವಯಸ್ಸಿನಲ್ಲಿ ನನಗೆ ಫಿಟ್ಸ್ ಶುರುವಾದಾಗಿನಿಂದ ನನ್ನ ಮಾತ್ರೆ, ತಪಾಸಣೆ, ಪಥ್ಯ ಎಲ್ಲದರ ಉಸ್ತುವಾರಿ ಅವಳದೇ. ಫಿಟ್ಸ್ ಬಂದಾಗ ಏನು ಮಾಡಬೇಕು, ಈ ಮಾತ್ರೆಗೆ ತಲೆ ಸುತ್ತುತ್ತದೆಯೇ ಎಂದು ತನ್ನ ಫೋನಿನಲ್ಲಿ ಹುಡುಕಿ ಹುಡುಕಿ ಅರ್ಧ ಡಾಕ್ಟರೇ ಆಗಿದ್ದಳು. ಮಾತ್ರೆಯ ಹೊತ್ತು ನೆನಪಿಸುವ ಆ್ಯಪ್ ಒಂದನ್ನು ಹಾಕಿಕೊಂಡು, ಅದು ಕೇಳಿದಲ್ಲಿ ‘ಒಪ್ಪಿದ್ದೇನೆ’ ಎಂದು ಒತ್ತಿದ್ದಳು. ಅವಳು ಮಾಡಿದ ಅಪರಾಧ ಇಷ್ಟೇ.

ಒಂದು ಸೋಮವಾರ ಬೆಳಿಗ್ಗೆ ಸಾರಿಗೆ ಮೇಲ್ವಿಚಾರಕರು ಅವಳಿಗೆ ಬಸ್ಸಿನ ಕೀ ಕೊಡಲಿಲ್ಲ.

“ಡ್ರೈವರುಗಳ ಬಗ್ಗೆ ಒಂದು ಕಂಪನಿಯಿಂದ ರಿಪೋರ್ಟ್ ತರಿಸಿದ್ವಿ. ನಿಮ್ಮ ಹೆಸರಿನ ಮುಂದೆ ಕೆಂಪು ಗುರುತು ಬಂದಿದೆ. ಫಿಟ್ಸ್ ಇರೋ ಸಾಧ್ಯತೆ ನೂರಕ್ಕೆ ಎಂಬತ್ತೇಳಂತೆ.”

“ನನಗಾ? ಅದು ನನ್ನ ತಂಗಿಗೆ, ಸರ್. ನಿಮಗೂ ಗೊತ್ತಲ್ಲ!”

“ನನಗೆ ಗೊತ್ತಮ್ಮ. ಕಂಪ್ಯೂಟರಿಗೆ ಗೊತ್ತಿಲ್ವಲ್ಲ. ನಾಳೆ ಏನಾದ್ರೂ ಆದ್ರೆ ನನ್ನ ತಲೆಗೆ ಬರುತ್ತೆ.”

ನರರೋಗ ತಜ್ಞರು ಅಕ್ಕನನ್ನು ಪರೀಕ್ಷಿಸಿ, ಯಾವ ತೊಂದರೆಯೂ ಇಲ್ಲವೆಂದು ಬರೆದುಕೊಟ್ಟರು. ಅದನ್ನು ಆ ಕಂಪನಿಗೆ ಕಳಿಸಿದೆವು. “ನಮ್ಮದು ವೈದ್ಯಕೀಯ ಅಭಿಪ್ರಾಯವಲ್ಲ, ಫೋನಿನ ಹುಡುಕಾಟ ಮತ್ತು ಆ್ಯಪ್ ಬಳಕೆಯ ಮಾಹಿತಿ ಖರೀದಿಸಿ ಮಾಡಿದ ವರ್ತನೆಯ ವಿಶ್ಲೇಷಣೆ. ಆದ್ದರಿಂದ ವೈದ್ಯಕೀಯ ದಾಖಲೆಯಿಂದ ಅದನ್ನು ಬದಲಿಸಲು ಬರುವುದಿಲ್ಲ” ಎಂಬ ಉತ್ತರ ಬಂತು. ಎಂಥ ಜಾಣತನ! ರೋಗ ಅಂಟಿಸುವುದಕ್ಕೆ ವೈದ್ಯರು ಬೇಡ, ಬಿಡಿಸುವುದಕ್ಕೆ ವೈದ್ಯರು ಸಾಲದು. ನಾನು ಮುದ್ರಣಾಲಯದಲ್ಲಿ ಕರಡು ತಿದ್ದುವವಳು. ಒಂದು ಒತ್ತಕ್ಷರ ತಪ್ಪಿದರೂ ಯಾರ ಕಣ್ತಪ್ಪು ಎಂದು ಹಾಳೆಯ ಅಂಚಿನ ಸಹಿ ನೋಡಿ ಹಿಡಿಯುತ್ತಾರೆ. ಒಬ್ಬಳ ಬದುಕನ್ನೇ ತಪ್ಪಾಗಿ ಬರೆದವರ ಸಹಿ ಎಲ್ಲಿದೆ, ಸ್ವಾಮಿ?

ಅದನ್ನೇ ಕೇಳಲು ತಮ್ಮ ಕಚೇರಿಗೆ ಮೂರು ಸಲ ಬಂದೆವು. ಎರಡು ಸಲ ಟೋಕನ್ ಸಿಕ್ಕಿತು, ಒಂದು ಸಲ ಕುರ್ಚಿಯೂ ಸಿಕ್ಕಿತು. ಕೊನೆಗೆ ಒಂದು ಸಾಲಿನ ಪತ್ರ: “ದೂರುದಾರರು ಸ್ವಇಚ್ಛೆಯಿಂದ ಒಪ್ಪಿಗೆ ನೀಡಿರುವುದರಿಂದ ಪ್ರಕರಣವನ್ನು ಮುಕ್ತಾಯಗೊಳಿಸಲಾಗಿದೆ.” ಮಾತ್ರೆ ನೆನಪಿಸು ಎಂದು ಒಪ್ಪಿದವಳು, ನನ್ನ ಅನ್ನ ಕಿತ್ತುಕೋ ಎಂದೂ ಒಪ್ಪಿದಳೇ? ತಾವು ರಕ್ಷಿಸುತ್ತಿರುವುದು ಮಾಹಿತಿಯನ್ನೋ, ಮಾಹಿತಿ ಮಾರಿಕೊಂಡವರನ್ನೋ?

ಕೆಲಸ ಹೋದದ್ದಷ್ಟೇ ಆಗಿದ್ದರೆ ನಾನು ಇಷ್ಟು ಕೂಗಾಡುತ್ತಿರಲಿಲ್ಲ. ಆಮೇಲೆ ಅಕ್ಕ ಫೋನ್ ತೆರೆದಾಗಲೆಲ್ಲ ಮೂರ್ಛೆ ರೋಗಿಗಳ ಬಳಗಕ್ಕೆ ಸೇರಿ ಎಂಬ ಕರೆ, ‘ನಿಮ್ಮಂಥವರಿಗೆ ಕೂತಲ್ಲೇ ಕೆಲಸ’ ಎಂಬ ಜಾಹೀರಾತು. ಚಾಲಕರು ಬೇಕಾಗಿದ್ದಾರೆ ಎಂಬ ಜಾಹೀರಾತು ನನ್ನ ಫೋನಿಗೆ ಬರುತ್ತಿತ್ತು, ಲೈಸೆನ್ಸ್ ಇದ್ದ ಅವಳ ಫೋನಿಗೆ ಬರುತ್ತಿರಲಿಲ್ಲ. ಒಂದು ಮಧ್ಯಾಹ್ನ ಬಟ್ಟೆ ಒಣಹಾಕುತ್ತಿದ್ದವಳು ಕೈಯಲ್ಲಿ ಒದ್ದೆ ಸೀರೆ ಹಿಡಿದೇ ನಿಂತಳು.

“ಏ, ನಿಜ ಹೇಳು. ಮಾತಾಡ್ತಾ ಮಾತಾಡ್ತಾ ನಾನು ಯಾವಾಗಾದ್ರೂ ಮೈಮರೆತು ನಿಂತುಬಿಡ್ತೀನಾ? ನನ್ನಿಂದ ಮುಚ್ಚಿಡ್ತಿಲ್ಲ ತಾನೇ?”

ನಾನು ಬಾಯಿಗೆ ಸೆರಗು ಒತ್ತಿಕೊಂಡೆ. ವೈದ್ಯರ ಸಹಿಗಿಂತ ಆ ಫೋನನ್ನೇ ಅವಳು ನಂಬತೊಡಗಿದ್ದಳು.

ಹೋದ ತಿಂಗಳು ನಾನು ಬೆಳಗಿನ ಮಾತ್ರೆ ನುಂಗಿದ್ದನ್ನು ಮರೆತು ಇನ್ನೊಮ್ಮೆ ನುಂಗಿಬಿಟ್ಟೆ. ಕಣ್ಣು ಮಂಜಾಯಿತು, ನಾಲಗೆ ತೊದಲಿತು. ಏನು ಮಾಡಬೇಕೆಂದು ಹುಡುಕಲು ಅಕ್ಕ ಫೋನ್ ಎತ್ತಿಕೊಂಡಳು, ಹಾವು ಮುಟ್ಟಿದವಳ ಹಾಗೆ ಕೆಳಗಿಟ್ಟಳು.

“ಇದನ್ನೂ ನನ್ನ ಹೆಸರಿಗೇ ಬರ್ಕೋತಾರೆ” ಎಂದವಳೇ ಔಷಧಿ ಅಂಗಡಿಗೆ ಓಡಿದಳು. ಅಂಗಡಿಯವರು ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ ಎಂದರಂತೆ. ಅವಳು ಓಡಿ ಹಿಂದಿರುಗುವ ಹೊತ್ತಿಗೆ ನಾನು ನೆಲದ ಮೇಲಿದ್ದೆ. ಬದುಕಿದೆ, ಅದಕ್ಕೇ ಬರೆಯುತ್ತಿದ್ದೇನೆ. ಹದಿನೇಳು ವರ್ಷ ನನ್ನನ್ನು ಕಾಪಾಡಿದವಳಿಗೆ ಒಂದು ಪ್ರಶ್ನೆ ಕೇಳಲೂ ಭಯವಾಗುವಂತೆ ಮಾಡಿದ್ದೀರಲ್ಲ, ಅದು ನಿಮ್ಮ ಯಾವ ಕಡತದಲ್ಲಿದೆ?

ಈಗ ಅವಳಿಗೆ ಅದೇ ಬಸ್ಸಿನಲ್ಲಿ ಮಕ್ಕಳನ್ನು ಹತ್ತಿಸಿ ಇಳಿಸುವ ಕೆಲಸ ಕೊಟ್ಟಿದ್ದಾರೆ. ದಾರಿ ಗೊತ್ತಿಲ್ಲದ ಹೊಸ ಚಾಲಕನಿಗೆ ಹಿಂದಿನ ಬಾಗಿಲಿನಿಂದ ತಿರುವು ಹೇಳಿಕೊಡುತ್ತಾಳೆ.

ನನಗೆ ತಮ್ಮ ಅನುಕಂಪ ಬೇಡ. ಅಕ್ಕನ ಬಗ್ಗೆ ಬರೆದಿಟ್ಟಿರುವುದನ್ನೆಲ್ಲ ಅವಳ ಕೈಗೆ ಕೊಡಿಸಿ. ಮಾರಿದವರು ಯಾರು, ಕೊಂಡವರು ಯಾರು ಎಂದು ಹೇಳಿಸಿ. ತಪ್ಪನ್ನು ಅಳಿಸಿ, ಅಳಿಸಿದ್ದೇವೆ ಎಂದು ಶಾಲೆಗೆ ಬರೆಯಿರಿ. ಅದರ ಕೆಳಗೆ ಯಂತ್ರದ ಮೊಹರಲ್ಲ, ಒಬ್ಬ ಮನುಷ್ಯನ ಸಹಿ ಇರಲಿ. ಹದಿನೈದು ದಿನ ಕೊಡುತ್ತೇನೆ. ಆಮೇಲೆ ತಮ್ಮ ಕಚೇರಿಯ ಮೆಟ್ಟಿಲ ಮೇಲೆ ಅಕ್ಕತಂಗಿಯರಿಬ್ಬರೂ ಕೂರುತ್ತೇವೆ. ಯಾರಿಗೆ ಫಿಟ್ಸ್ ಬರುತ್ತದೆಂದು ತಾವೇ ಕಣ್ಣಾರೆ ನೋಡಬಹುದು.

ಇಂತಿ,
ಆ ಕಾಯಿಲೆಯ ನಿಜವಾದ ವಾರಸುದಾರಳು